ಗಾನಯೋಗಿ ಪಂಚಾಕ್ಷರಿ ಗವಾಯಿಗಳು: ಪ್ರತಿಭೆಯನ್ನು ಗುರುತಿಸಿ ಪೋಷಿಸಿದ ಒಂದು ಪರಂಪರೆ

ಪೀಠಿಕೆ

ತುಂಗಭದ್ರಾ, ವರದಾ, ಧರ್ಮಾ ಮತ್ತು ಕುಮುದ್ವತಿ ನದಿಗಳ ನಾಡಾದ ಹಾವೇರಿ ಜಿಲ್ಲೆಯು ಸಂತರಿಗೂ ಕವಿಗಳಿಗೂ ಗಾಯಕರಿಗೂ ಜನ್ಮ ನೀಡಿದ ಪುಣ್ಯಭೂಮಿಯಾಗಿದೆ. ತುಂಗಭದ್ರೆಯ ದಡದಲ್ಲಿ ಕೋಟೆಯನ್ನೂ ಹೊಳೆಮಠವನ್ನೂ ಹೊಂದಿರುವ ಐರಣಿ ಗ್ರಾಮವು ಸೇರಿರುವ ರಾಣೆಬೆನ್ನೂರು ತಾಲ್ಲೂಕಿನಲ್ಲಿಯೇ ಜೋಯಿಸರಹರಳಹಳ್ಳಿ ಎಂಬ ಗ್ರಾಮವಿದೆ. ಅಲ್ಲಿ ಜನಿಸಿದ ಹಾನಗಲ್ಲ ಶ್ರೀ ಕುಮಾರಸ್ವಾಮಿಗಳು ಹಾನಗಲ್ಲ ತಾಲ್ಲೂಕಿನ ಅಂಧ ಬಾಲಕನೊಬ್ಬನ ಕಂಠದಲ್ಲಿದ್ದ ಅಸಾಧಾರಣ ಶಕ್ತಿಯನ್ನು ಗುರುತಿಸಿ, ಆತನ ಶಿಕ್ಷಣದ ಹೊಣೆಯನ್ನು ಹೊತ್ತರು. ಆ ಬಾಲಕನೇ ಮುಂದೆ ಗಾನಯೋಗಿ ಪಂಚಾಕ್ಷರಿ ಗವಾಯಿ ಎಂದು ನಾಡಿನಾದ್ಯಂತ ಪ್ರಸಿದ್ಧರಾದರು. ಪ್ರತಿಭಾವಂತ ಮಕ್ಕಳನ್ನು ಗುರುತಿಸುವುದು ಹೇಗೆ, ಗುರುತಿಸಿದ ನಂತರ ಮಾಡಬೇಕಾದುದು ಏನು ಎಂಬ ಪ್ರಶ್ನೆಗಳಿಗೆ ಇವರ ಜೀವನವು ಒಂದು ಸ್ಪಷ್ಟವಾದ ಉತ್ತರವನ್ನು ನೀಡುತ್ತದೆ.

ಜನನ ಮತ್ತು ಬಾಲ್ಯ

ಪಂಚಾಕ್ಷರಿ ಗವಾಯಿಗಳು 1892ರ ಫೆಬ್ರವರಿ 2ರಂದು ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಜನಿಸಿದರು. ಆಗ ಈ ಪ್ರದೇಶವು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು. ಹಾವೇರಿ ಜಿಲ್ಲೆಯು ರಚನೆಯಾದದ್ದು 1997ರಲ್ಲಿ. ಇವರ ತಂದೆ ಗುರುಪಾದಯ್ಯ ಚರಂತಿಮಠ, ತಾಯಿ ನೀಲಮ್ಮ. ಬಾಲ್ಯದ ಹೆಸರು ಗದಿಗೆಯ್ಯ. ಇವರ ಅಣ್ಣನೂ ಇವರಂತೆಯೇ ದೃಷ್ಟಿಹೀನರಾಗಿದ್ದರು. ಒಂದೇ ಮನೆಯಲ್ಲಿ ಇಬ್ಬರು ಮಕ್ಕಳಿಗೆ ಕಣ್ಣಿಲ್ಲದಿರುವುದು ಆ ಕಾಲದ ಬಡ ಕುಟುಂಬವೊಂದಕ್ಕೆ ಎಂತಹ ಸಂಕಷ್ಟವೆಂಬುದನ್ನು ಊಹಿಸಬಹುದಾಗಿದೆ.

ಅಂದು ಹಳ್ಳಿಯ ಶಾಲೆಗಳಲ್ಲಿ ಅಂಧ ಮಗುವಿಗೆ ಸ್ಥಾನವಿರಲಿಲ್ಲ. ಭಾರತದಲ್ಲಿ ಅಂಧರಿಗಾಗಿ ಮೊದಲ ಶಾಲೆಯು 1887ರಲ್ಲಿ ದೂರದ ಅಮೃತಸರದಲ್ಲಿ ಆರಂಭವಾಗಿತ್ತು. ಮೈಸೂರಿನಲ್ಲಿ ಅಂಧ ಮತ್ತು ಕಿವುಡ ಮಕ್ಕಳ ಶಾಲೆಯು 1901ರಲ್ಲಿ ಪ್ರಾರಂಭವಾಯಿತಾದರೂ ಅದು ಬೇರೆ ಸಂಸ್ಥಾನದಲ್ಲಿದ್ದಿತು. ಹಾನಗಲ್ಲ ಸೀಮೆಯ ಅಂಧ ಬಾಲಕನ ಮುಂದೆ ಸಾಮಾನ್ಯವಾಗಿ ಇದ್ದ ದಾರಿಗಳು ಎರಡೇ: ಮನೆಯ ಮೂಲೆಯಲ್ಲಿ ಕುಳಿತಿರುವುದು, ಇಲ್ಲವೇ ಜಾತ್ರೆ ಉತ್ಸವಗಳಲ್ಲಿ ಹಾಡಿ ಭಿಕ್ಷೆ ಬೇಡುವುದು. ಮಧುರ ಕಂಠವು ಅಂತಹ ಮಗುವಿನ ಪಾಲಿಗೆ ಹೊಟ್ಟೆಪಾಡಿನ ಉಪಾಯವಾಗುತ್ತಿತ್ತೇ ಹೊರತು ಶಿಕ್ಷಣಕ್ಕೆ ಆಧಾರವಾಗುತ್ತಿರಲಿಲ್ಲ. ಕೇಳಿದವರು ಮೆಚ್ಚಿ ಕಾಸು ನೀಡುತ್ತಿದ್ದರು. ಆದರೆ ಆ ಮೆಚ್ಚುಗೆಯು ಅಲ್ಲಿಗೇ ಮುಗಿಯುತ್ತಿತ್ತು.

ಗುರುತಿಸಿದ ಗುರು

ಹಾನಗಲ್ಲ ಶ್ರೀ ಕುಮಾರಸ್ವಾಮಿಗಳು 1867ರಲ್ಲಿ ಜನಿಸಿದವರು. ಅವರ ಪೂರ್ವಾಶ್ರಮದ ಹೆಸರು ಹಾಲಯ್ಯ. ಬಡತನದಲ್ಲಿ ಬೆಳೆದ ಅವರು ಅಂದಿನ ಮುಲ್ಕಿ ಪರೀಕ್ಷೆಯಲ್ಲಿ ಉತ್ತೀರ್ಣರಾಗಲಿಲ್ಲವೆಂದೂ, ಅನಂತರ ಕೆಲಕಾಲ ಹಳ್ಳಿಯ ಮಕ್ಕಳಿಗೆ ಪಾಠ ಹೇಳಿದರೆಂದೂ ಅವರ ಚರಿತ್ರೆಗಳು ತಿಳಿಸುತ್ತವೆ. ಪರೀಕ್ಷೆಯ ಫಲಿತಾಂಶವೊಂದೇ ಮನುಷ್ಯನ ಸಾಮರ್ಥ್ಯಕ್ಕೆ ಅಳತೆಗೋಲಲ್ಲ ಎಂಬುದಕ್ಕೆ ಅವರ ಮುಂದಿನ ಕಾರ್ಯಗಳೇ ಸಾಕ್ಷಿಯಾಗಿವೆ. 1904ರಲ್ಲಿ ಅಖಿಲ ಭಾರತ ವೀರಶೈವ ಮಹಾಸಭೆಯನ್ನು, 1909ರಲ್ಲಿ ಬಾದಾಮಿಯ ಸಮೀಪ ಮಲಪ್ರಭಾ ನದಿಯ ತೀರದಲ್ಲಿ ಶಿವಯೋಗಮಂದಿರವನ್ನು ಅವರು ಸ್ಥಾಪಿಸಿದರು. ಊರೂರು ಸಂಚರಿಸಿ ಪಾಠಶಾಲೆಗಳನ್ನೂ ಉಚಿತ ಪ್ರಸಾದ ನಿಲಯಗಳನ್ನೂ ತೆರೆಯಲು ಭಕ್ತರನ್ನು ಪ್ರೇರೇಪಿಸಿದರು.

ಇಂತಹ ಸಂಚಾರದ ಕಾಲದಲ್ಲಿಯೇ ಕಾಡಶೆಟ್ಟಿಹಳ್ಳಿಯ ಅಂಧ ಸಹೋದರರ ಹಾಡುಗಾರಿಕೆಯು ಸ್ವಾಮಿಗಳ ಕಿವಿಗೆ ಬಿದ್ದಿತು. ಅದೇ ಕಂಠವನ್ನು ಅದಕ್ಕೆ ಮೊದಲು ಅನೇಕರು ಕೇಳಿದ್ದರು. ಅನೇಕರು ಮರುಗಿದ್ದರು. ಸ್ವಾಮಿಗಳು ಮರುಕಕ್ಕೆ ನಿಲ್ಲದೆ, ಈ ಧ್ವನಿಗೆ ಶಾಸ್ತ್ರೀಯ ಶಿಕ್ಷಣ ದೊರೆತರೆ ಅದು ಯಾವ ಎತ್ತರಕ್ಕೆ ಏರಬಲ್ಲುದು ಎಂಬುದನ್ನು ಮನಗಂಡರು. ತಂದೆತಾಯಿಗಳಿಂದ ಮಕ್ಕಳನ್ನು ಪಡೆದು, ಅವರ ಊಟ, ವಸತಿ ಮತ್ತು ವಿದ್ಯಾಭ್ಯಾಸದ ಸಂಪೂರ್ಣ ಜವಾಬ್ದಾರಿಯನ್ನು ತಾವೇ ವಹಿಸಿಕೊಂಡರು. ಮಗುವಿನ ಬಳಿಗೆ ಗುರುವೇ ಬಂದದ್ದು ಈ ಪ್ರಸಂಗದ ವಿಶೇಷವಾಗಿದೆ. ಯಾವುದೇ ಅರ್ಜಿಯನ್ನು ಬರೆಯಲಾಗದ, ಯಾವುದೇ ಶಾಲೆಯ ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ ಬಾಲಕನನ್ನು ಬೇರಾವ ರೀತಿಯಿಂದಲೂ ಗುರುತಿಸಲು ಸಾಧ್ಯವಿರಲಿಲ್ಲ.

ಸಂಗೀತ ಶಿಕ್ಷಣ

ಗುರುತಿಸುವಿಕೆಯು ಒಂದು ದಿನದ ಕಾರ್ಯವಾದರೆ ಶಿಕ್ಷಣವು ಹಲವು ವರ್ಷಗಳ ಸಾಧನೆ. ಕುಮಾರಸ್ವಾಮಿಗಳು ಸ್ವತಃ ಸಂಗೀತ ವಿದ್ವಾಂಸರಾಗಿರಲಿಲ್ಲ. ಆದುದರಿಂದ ಬಾಲಕನನ್ನು ತಮ್ಮ ಬಳಿಯಲ್ಲಿಯೇ ಇರಿಸಿಕೊಳ್ಳದೆ ಯೋಗ್ಯ ಗುರುಗಳ ಬಳಿಗೆ ಕಳುಹಿಸುವ ಏರ್ಪಾಡು ಮಾಡಿದರು. ಕರ್ನಾಟಕ ಸಂಗೀತದ ಅಭ್ಯಾಸಕ್ಕಾಗಿ ಗದಿಗೆಯ್ಯನವರನ್ನು ಮೈಸೂರಿಗೆ ಕಳುಹಿಸಲಾಯಿತು. ಹಿಂದುಸ್ತಾನಿ ಸಂಗೀತದಲ್ಲಿ ಕಿರಾಣಾ ಘರಾಣೆಯ ಹೆಸರಾಂತ ಗಾಯಕರಾದ ಉಸ್ತಾದ್ ಅಬ್ದುಲ್ ವಹೀದ್ ಖಾನರ ಮಾರ್ಗದರ್ಶನವು ಅವರಿಗೆ ದೊರೆಯಿತು. ಮಠದ ಆಶ್ರಯದಲ್ಲಿ ಬೆಳೆದ ಜಂಗಮ ಬಾಲಕನಿಗೆ ಮುಸ್ಲಿಂ ಉಸ್ತಾದರಿಂದ ವಿದ್ಯೆ ಕೊಡಿಸುವುದರಲ್ಲಿ ಯಾವ ಸಂಕೋಚವೂ ಉಂಟಾಗಲಿಲ್ಲ. ವಿದ್ಯೆ ಎಲ್ಲಿದೆಯೋ ಅಲ್ಲಿಗೆ ಶಿಷ್ಯನು ಹೋಗಬೇಕೆಂಬುದು ಈ ಶಿಕ್ಷಣಕ್ರಮದ ತಳಹದಿಯಾಗಿದ್ದಿತು.

ಹೀಗೆ ದಕ್ಷಿಣಾದಿ ಮತ್ತು ಉತ್ತರಾದಿ ಎಂಬ ಎರಡೂ ಪದ್ಧತಿಗಳಲ್ಲಿ ಅವರು ಪ್ರಾವೀಣ್ಯವನ್ನು ಪಡೆದರು. ಗಾಯನದ ಜೊತೆಗೆ ತಬಲಾ, ಹಾರ್ಮೋನಿಯಂ ಮೊದಲಾದ ವಾದ್ಯಗಳಲ್ಲಿಯೂ ಪರಿಣತಿ ಸಾಧಿಸಿದರು. ಒಂದು ಪದ್ಧತಿಯಲ್ಲಿ ಪಾರಂಗತರಾಗುವುದಕ್ಕೇ ಒಂದು ಜನ್ಮ ಸಾಲದೆನ್ನುವ ಕ್ಷೇತ್ರದಲ್ಲಿ ಇದು ವಿರಳವಾದ ಸಾಧನೆ. ಸ್ವರಲಿಪಿಯನ್ನು ಓದಲಾಗದ ವಿದ್ಯಾರ್ಥಿಯು ಪ್ರತಿಯೊಂದು ಕೃತಿಯನ್ನೂ, ಪ್ರತಿಯೊಂದು ಬಂದಿಶನ್ನೂ ಕಿವಿಯಿಂದಲೇ ಕೇಳಿ ನೆನಪಿನಲ್ಲಿ ಇರಿಸಿಕೊಳ್ಳಬೇಕಾಗಿತ್ತು ಎಂಬುದನ್ನು ಗಮನಿಸಿದಾಗ ಈ ಸಾಧನೆಯ ಹಿಂದಿನ ಪರಿಶ್ರಮವು ಅರ್ಥವಾಗುತ್ತದೆ.

ಆಜೀವ ವ್ರತ

ಶಿಕ್ಷಣ ಮುಗಿಸಿದ ಪಂಚಾಕ್ಷರಿ ಗವಾಯಿಗಳ ಮುಂದೆ ಕೀರ್ತಿ ಮತ್ತು ಸಂಪಾದನೆಯ ಮಾರ್ಗವು ತೆರೆದಿತ್ತು. ಸಂಸ್ಥಾನಗಳ ಆಶ್ರಯ, ಸಿರಿವಂತರ ಮನೆಗಳ ಬೈಠಕ್ ಹಾಗೂ ನಾಟಕ ಮಂಡಳಿಗಳು ಉತ್ತಮ ಗಾಯಕರಿಗೆ ಜೀವನೋಪಾಯವನ್ನು ಒದಗಿಸುತ್ತಿದ್ದ ಕಾಲವದು. ಆದರೆ ಅವರು ಗುರುವಿನ ಆಶಯದಂತೆ ಬ್ರಹ್ಮಚರ್ಯವನ್ನು ಸ್ವೀಕರಿಸಿ, ತಮ್ಮಂತೆಯೇ ದೃಷ್ಟಿಯಿಲ್ಲದ, ಅನಾಥರಾದ ಹಾಗೂ ಬಡವರಾದ ಮಕ್ಕಳಿಗೆ ಸಂಗೀತ ವಿದ್ಯೆಯನ್ನು ದಾನ ಮಾಡುವುದಕ್ಕಾಗಿ ತಮ್ಮ ಜೀವನವನ್ನು ಮುಡಿಪಾಗಿಟ್ಟರು. ತಮಗೆ ದೊರೆತ ಅವಕಾಶವು ತಮ್ಮೊಬ್ಬರಲ್ಲಿಯೇ ನಿಲ್ಲಬಾರದೆಂಬ ಈ ನಿರ್ಧಾರದಿಂದ ಒಬ್ಬ ಗಾಯಕನ ಕಥೆಯಾಗಬಹುದಾಗಿದ್ದುದು ಒಂದು ವಿದ್ಯಾಸಂಸ್ಥೆಯ ಇತಿಹಾಸವಾಯಿತು.

ಸಂಚಾರಿ ಸಂಗೀತ ಪಾಠಶಾಲೆ

ಕುಮಾರಸ್ವಾಮಿಗಳ ಕೃಪಾಶ್ರಯದಲ್ಲಿ ಗವಾಯಿಗಳು ಸಂಗೀತ ಪಾಠಶಾಲೆಯನ್ನು ಆರಂಭಿಸಿದರು. ಈ ಶಾಲೆಗೆ ಬಹುಕಾಲದವರೆಗೆ ಸ್ಥಿರವಾದ ಕಟ್ಟಡವಿರಲಿಲ್ಲ. ಗುರು ಮತ್ತು ಶಿಷ್ಯರು ವಾದ್ಯಗಳೊಡನೆ ಊರಿಂದ ಊರಿಗೆ ಸಂಚರಿಸುತ್ತಿದ್ದರು. ಒಂದೊಂದು ಊರಿನ ಮಠ ಅಥವಾ ದೇವಾಲಯದಲ್ಲಿ ತಂಗಿ, ಭಕ್ತರು ನೀಡಿದ ಕಾಳುಕಡಿಯಿಂದ ಅಡುಗೆ ಮಾಡಿಕೊಂಡು, ಹಗಲು ಪಾಠ, ರಾತ್ರಿ ಕೀರ್ತನೆ ಎಂಬ ಕ್ರಮದಲ್ಲಿ ಶಿಕ್ಷಣವು ನಡೆಯುತ್ತಿದ್ದಿತು. ಇದನ್ನು ಸಂಚಾರಿ ಸಂಗೀತ ಪಾಠಶಾಲೆ ಎಂದು ಕರೆಯಲಾಗುತ್ತಿತ್ತು.

ಈ ವ್ಯವಸ್ಥೆಯು ಬಡತನದಿಂದ ಹುಟ್ಟಿದ್ದಾದರೂ ಅದರಿಂದ ಒಂದು ದೊಡ್ಡ ಪ್ರಯೋಜನವಾಯಿತು. ಶಾಲೆಯೇ ಹಳ್ಳಿಗಳ ಬಳಿಗೆ ಹೋಗುತ್ತಿದ್ದುದರಿಂದ, ಎಂದೂ ಶಾಲೆಯ ಬಾಗಿಲಿಗೆ ಬರಲಾರದಿದ್ದ ಮಕ್ಕಳು ಗವಾಯಿಗಳ ಕಿವಿಗೆ ಸಿಗುತ್ತಿದ್ದರು. ಅಂಧ ಗಾಯಕನೊಬ್ಬನು ಗೌರವದಿಂದ ಸಭೆಯಲ್ಲಿ ಹಾಡುವುದನ್ನು ಕಂಡ ತಂದೆತಾಯಿಗಳಿಗೆ ತಮ್ಮ ಮಗುವಿನ ಭವಿಷ್ಯದ ಬಗ್ಗೆ ಭರವಸೆಯು ಮೂಡುತ್ತಿದ್ದಿತು. ಮೂಲೆಯಲ್ಲಿ ಬಚ್ಚಿಟ್ಟಂತಿದ್ದ ಮಕ್ಕಳನ್ನು ಪೋಷಕರು ತಾವಾಗಿಯೇ ಕರೆತರಲಾರಂಭಿಸಿದರು.

ಬೋಧನಾ ಕ್ರಮ

ಗವಾಯಿಗಳ ಶಾಲೆಯಲ್ಲಿ ಜಾತಿಮತಗಳ ಭೇದವಿರಲಿಲ್ಲ. ದೃಷ್ಟಿಯುಳ್ಳವರೂ ಇಲ್ಲದವರೂ ಒಟ್ಟಿಗೆ ಕಲಿಯುತ್ತಿದ್ದರು. ಊಟ, ವಸತಿ ಮತ್ತು ಪಾಠ ಮೂರೂ ಉಚಿತವಾಗಿದ್ದವು. ಎಲ್ಲ ಮಕ್ಕಳೂ ಶ್ರೇಷ್ಠ ಗಾಯಕರಾಗಲಾರರು ಎಂಬುದನ್ನು ಅರಿತಿದ್ದ ಅವರು, ಶಾಲೆಯಲ್ಲಿ ಗಾಯನವೊಂದನ್ನೇ ಬೋಧಿಸಲಿಲ್ಲ. ಕಂಠವು ಸಾಧಾರಣವಾಗಿದ್ದು ಲಯಜ್ಞಾನವು ಚೆನ್ನಾಗಿರುವವರಿಗೆ ತಬಲಾ, ಬೆರಳುಗಳಲ್ಲಿ ಚುರುಕು ಇರುವವರಿಗೆ ಹಾರ್ಮೋನಿಯಂ ಅಥವಾ ಪಿಟೀಲು, ಮಾತಿನಲ್ಲಿ ಶಕ್ತಿಯುಳ್ಳವರಿಗೆ ಪುರಾಣ ಪ್ರವಚನ ಮತ್ತು ಕೀರ್ತನೆ ಎಂಬಂತೆ ವಿವಿಧ ಮಾರ್ಗಗಳು ಅಲ್ಲಿ ತೆರೆದಿದ್ದವು. ಇದರ ಫಲವಾಗಿ ಸಂಗೀತ ಶಿಕ್ಷಕರಾಗಿ, ನಾಟಕ ಕಂಪನಿಗಳ ವಾದ್ಯಗಾರರಾಗಿ, ಕೀರ್ತನಕಾರರಾಗಿ ಅನೇಕ ಅಂಧರು ಸ್ವಾವಲಂಬಿ ಜೀವನವನ್ನು ನಡೆಸುವಂತಾಯಿತು. ಅಸಾಧಾರಣ ಪ್ರತಿಭೆಯುಳ್ಳ ಒಬ್ಬಿಬ್ಬರನ್ನು ಆರಿಸಿಕೊಂಡು ಉಳಿದವರನ್ನು ಹಿಂದಕ್ಕೆ ಕಳುಹಿಸುವ ಪದ್ಧತಿಯು ಅಲ್ಲಿರಲಿಲ್ಲ.

ಆಯವ್ಯಯದ ಹೊರೆ

ಸಂಸ್ಥೆಯೊಂದನ್ನು ನಡೆಸುವುದರಲ್ಲಿ ಆದರ್ಶದಷ್ಟೇ ಆಯವ್ಯಯವೂ ಮುಖ್ಯವಾಗುತ್ತದೆ. ಶುಲ್ಕ ನೀಡದ ಮಕ್ಕಳು ವರ್ಷದ ಎಲ್ಲ ದಿನಗಳಲ್ಲಿಯೂ ಊಟ ಮಾಡಬೇಕು. ಸಂಗೀತ ವಿದ್ಯೆಯು ಎರಡು ಮೂರು ವರ್ಷಗಳಲ್ಲಿ ಮುಗಿಯುವಂತಹುದಲ್ಲ. ಹತ್ತು ಹನ್ನೆರಡು ವರ್ಷ ಕಲಿಯುವ ಪ್ರತಿ ವಿದ್ಯಾರ್ಥಿಯ ವೆಚ್ಚವನ್ನೂ ಅಷ್ಟು ಕಾಲ ಭರಿಸಬೇಕು. ಬರಗಾಲದಲ್ಲಿ ಭಕ್ತರ ಕಣಜ ಬರಿದಾದರೆ ಶಾಲೆಯ ಒಲೆಯೂ ಆರುತ್ತದೆ.

1930ರಲ್ಲಿ ಕುಮಾರಸ್ವಾಮಿಗಳು ಲಿಂಗೈಕ್ಯರಾದ ನಂತರ ಈ ಹೊರೆಯು ಗವಾಯಿಗಳ ಮೇಲೆ ಪೂರ್ಣವಾಗಿ ಬಿದ್ದಿತು. ಭಿಕ್ಷೆ, ಸಂಗೀತ ಕಛೇರಿಗಳ ಸಂಭಾವನೆ ಹಾಗೂ ದಾನಿಗಳ ನೆರವು ಇವೇ ಆದಾಯದ ಮೂಲಗಳಾಗಿದ್ದವು. ಇವು ಸಾಲದಿದ್ದಾಗ ಗುರುವಿನ ಹೆಸರಿನಲ್ಲಿ ನಾಟಕ ಮಂಡಳಿಯನ್ನು ಕಟ್ಟಿ, ಅದರ ಆದಾಯವನ್ನು ಮಕ್ಕಳ ಪೋಷಣೆಗೆ ವಿನಿಯೋಗಿಸಲಾಯಿತು. ನಾಟಕ ಮಂಡಳಿಯು ಆದಾಯವನ್ನಷ್ಟೇ ಅಲ್ಲದೆ, ಕಲಿತ ವಿದ್ಯೆಯನ್ನು ಜನರ ಮುಂದೆ ಪ್ರಯೋಗಿಸುವ ಅವಕಾಶವನ್ನೂ ವಿದ್ಯಾರ್ಥಿಗಳಿಗೆ ನೀಡಿತು. ಗದುಗಿನ ದಾನಿಗಳಾದ ಬಸರಿಗಿಡದ ವೀರಪ್ಪನವರು ನೀಡಿದ ಆಶ್ರಯದಿಂದ ಸಂಚಾರಿ ಶಾಲೆಗೆ ಗದುಗಿನಲ್ಲಿ ನೆಲೆಯು ದೊರೆಯಿತು. ಅದೇ ಇಂದಿನ ವೀರೇಶ್ವರ ಪುಣ್ಯಾಶ್ರಮ.

ಶಿಷ್ಯ ಪರಂಪರೆ

ಪಂಚಾಕ್ಷರಿ ಗವಾಯಿಗಳು ಗುರುತಿಸಿ ಬೆಳೆಸಿದ ಶಿಷ್ಯರಲ್ಲಿ ಪುಟ್ಟರಾಜ ಗವಾಯಿಗಳು ಅಗ್ರಗಣ್ಯರು. ಇವರು 1914ರ ಮಾರ್ಚ್ 3ರಂದು ಇಂದಿನ ಹಾವೇರಿ ಜಿಲ್ಲೆಯ ದೇವಗಿರಿಯಲ್ಲಿ ಜನಿಸಿದರು. ಶೈಶವದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡ ಇವರು ಸೋದರಮಾವನ ಆಸರೆಯಲ್ಲಿ ಬೆಳೆದರು. ಬಾಲಕನ ಸಂಗೀತಾಸಕ್ತಿಯನ್ನು ಗಮನಿಸಿ ಗವಾಯಿಗಳು ತಮ್ಮ ಶಿಷ್ಯರನ್ನಾಗಿ ಸ್ವೀಕರಿಸಿದರು. ಪುಟ್ಟರಾಜರು ಗಾಯನದಲ್ಲಿಯೂ ಅನೇಕ ವಾದ್ಯಗಳಲ್ಲಿಯೂ ನಿಪುಣರಾದುದಲ್ಲದೆ ಕನ್ನಡ, ಸಂಸ್ಕೃತ ಮತ್ತು ಹಿಂದಿ ಭಾಷೆಗಳಲ್ಲಿ ಕೃತಿಗಳನ್ನು ರಚಿಸಿದರು.

ಧಾರವಾಡ ಜಿಲ್ಲೆಯ ಯಲಿವಾಳದ ಬಸವರಾಜ ರಾಜಗುರು ಅವರೂ ಬಾಲ್ಯದಲ್ಲಿಯೇ ಗವಾಯಿಗಳ ಗಮನಕ್ಕೆ ಬಂದು ಶಿಷ್ಯರಾದರು. 1936ರಲ್ಲಿ ಹಂಪಿಯಲ್ಲಿ ವಿಜಯನಗರ ಸಾಮ್ರಾಜ್ಯ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವವು ನಡೆದಾಗ, ತರುಣ ರಾಜಗುರು ಅವರು ಅಲ್ಲಿ ಹಾಡಿದರು. ಅಂದು ಅವರಿಗೆ ತಬಲಾ ಸಾಥ್ ನೀಡಿದವರು ಸ್ವತಃ ಗುರುಗಳಾದ ಪಂಚಾಕ್ಷರಿ ಗವಾಯಿಗಳೇ. ಸಭೆಯ ಮುಂದೆ ಶಿಷ್ಯನನ್ನು ಮಧ್ಯದಲ್ಲಿ ಕೂರಿಸಿ ತಾವು ಪಕ್ಕವಾದ್ಯಕ್ಕೆ ಕುಳಿತ ಈ ಪ್ರಸಂಗವು, ಗುರುವಾದವನ ಸ್ಥಾನ ಯಾವುದು ಎಂಬುದನ್ನು ಯಾವ ಉಪದೇಶಕ್ಕಿಂತಲೂ ಚೆನ್ನಾಗಿ ತಿಳಿಸುತ್ತದೆ. ರಾಜಗುರು ಅವರು ಮುಂದೆ ಸವಾಯಿ ಗಂಧರ್ವ, ಸುರೇಶಬಾಬು ಮಾನೆ ಮೊದಲಾದ ಬೇರೆ ಗುರುಗಳಿಂದಲೂ ವಿದ್ಯೆಯನ್ನು ಸಂಪಾದಿಸಿ ದೇಶದ ಪ್ರಮುಖ ಗಾಯಕರಲ್ಲಿ ಒಬ್ಬರೆನಿಸಿದರು. ಅವರಿಗೆ 1975ರಲ್ಲಿ ಪದ್ಮಶ್ರೀ ಮತ್ತು 1991ರಲ್ಲಿ ಪದ್ಮಭೂಷಣ ಪ್ರಶಸ್ತಿಗಳು ಲಭಿಸಿದವು. ಸಿದ್ಧರಾಮ ಜಂಬಲದಿನ್ನಿ ಮತ್ತು ಅರ್ಜುನಸಾ ನಾಕೋಡ ಅವರೂ ಗವಾಯಿಗಳ ಗರಡಿಯಲ್ಲಿ ಪಳಗಿದ ಖ್ಯಾತ ಗಾಯಕರು.

ಲಿಂಗೈಕ್ಯ ಮತ್ತು ಮುಂದುವರಿಕೆ

ಪಂಚಾಕ್ಷರಿ ಗವಾಯಿಗಳು 1944ರ ಜೂನ್ 11ರಂದು ಗದುಗಿನಲ್ಲಿ ತಮ್ಮ 52ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದರು. ಸಂಸ್ಥಾಪಕರು ಮರೆಯಾದೊಡನೆ ಸಂಸ್ಥೆಯೂ ಮರೆಯಾಗುವ ನಿದರ್ಶನಗಳು ಅನೇಕವಿವೆ. ಆದರೆ ಗವಾಯಿಗಳು ಬಿಟ್ಟುಹೋದ ಮುಖ್ಯ ಆಸ್ತಿಯು ಕಟ್ಟಡವಾಗಿರದೆ, ತಾವೇ ಆರಿಸಿ ತರಬೇತಿ ನೀಡಿದ ಉತ್ತರಾಧಿಕಾರಿಯಾಗಿದ್ದರು. ಆಶ್ರಮದ ಹೊಣೆಯನ್ನು ಹೊತ್ತ ಪುಟ್ಟರಾಜ ಗವಾಯಿಗಳು ಅದನ್ನು 66 ವರ್ಷಗಳ ಕಾಲ ನಡೆಸಿದರು. 2010ರಲ್ಲಿ ಅವರಿಗೆ ಪದ್ಮಭೂಷಣ ಪ್ರಶಸ್ತಿಯು ದೊರೆಯಿತು. ಅದೇ ವರ್ಷದ ಸೆಪ್ಟೆಂಬರ್ 17ರಂದು ಅವರು ಲಿಂಗೈಕ್ಯರಾದರು.

ಬಳ್ಳಾರಿ ಸಮೀಪದ ಲಕ್ಷ್ಮೀಪುರದ ಜನಪದ ಕಲಾವಿದರ ಮಗನೊಬ್ಬನನ್ನು 1968ರಲ್ಲಿ ಆತನ ಸೋದರಮಾವ, ತೊಗಲುಗೊಂಬೆ ಕಲಾವಿದರಾದ ಬೆಳಗಲ್ಲು ವೀರಣ್ಣನವರು ಆಶ್ರಮಕ್ಕೆ ಕರೆತಂದರು. ಹನ್ನೆರಡು ವರ್ಷಗಳ ಕಾಲ ಪುಟ್ಟರಾಜರಲ್ಲಿ ಅಭ್ಯಾಸ ಮಾಡಿದ ಆ ಬಾಲಕನೇ 2016ರಲ್ಲಿ ಪದ್ಮಶ್ರೀ ಪಡೆದ ಪಂಡಿತ ವೆಂಕಟೇಶ ಕುಮಾರ್. ಕುಮಾರಸ್ವಾಮಿಗಳು ಪಂಚಾಕ್ಷರಿಯವರನ್ನು, ಪಂಚಾಕ್ಷರಿಯವರು ಪುಟ್ಟರಾಜರನ್ನು, ಪುಟ್ಟರಾಜರು ಮುಂದಿನವರನ್ನು ಬೆಳೆಸಿದ ಈ ಸರಪಳಿಯು ಒಂದು ಶತಮಾನಕ್ಕೂ ಮಿಕ್ಕಿ ಕಡಿಯದೆ ಸಾಗಿಬಂದಿದೆ. ಗವಾಯಿಗಳ ಜೀವನವನ್ನು ಆಧರಿಸಿದ ಕನ್ನಡ ಚಲನಚಿತ್ರವು 1995ರಲ್ಲಿ ನಿರ್ಮಾಣವಾಗಿ, ಅದರ ಸಂಗೀತಕ್ಕಾಗಿ ಹಂಸಲೇಖ ಅವರಿಗೂ ಗಾಯನಕ್ಕಾಗಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ರಾಷ್ಟ್ರ ಪ್ರಶಸ್ತಿಗಳು ಲಭಿಸಿದವು.

ಪರೀಕ್ಷೆಗೆ ನಿಲುಕದ ಪ್ರತಿಭೆ

ಗವಾಯಿಗಳು ತರುಣರಾಗಿದ್ದ ಕಾಲದಲ್ಲಿಯೇ ಪಾಶ್ಚಾತ್ಯ ದೇಶಗಳಲ್ಲಿ ಮಕ್ಕಳ ಬುದ್ಧಿಶಕ್ತಿಯನ್ನು ಅಳೆಯುವ ಪ್ರಯತ್ನಗಳು ಆರಂಭವಾಗಿದ್ದವು. ಫ್ರಾನ್ಸಿನ ಆಲ್ಫ್ರೆಡ್ ಬಿನೆ ಅವರು 1905ರಲ್ಲಿ ಬುದ್ಧಿಮಾಪನ ಪರೀಕ್ಷೆಯನ್ನು ರೂಪಿಸಿದರು. ಅಮೆರಿಕದ ಲೂಯಿಸ್ ಟರ್ಮನ್ ಅವರು 1921ರಲ್ಲಿ ಇಂತಹ ಪರೀಕ್ಷೆಗಳ ಮೂಲಕ ಸುಮಾರು 1,500 ಪ್ರತಿಭಾವಂತ ಮಕ್ಕಳನ್ನು ಆರಿಸಿ, ಅವರ ಬೆಳವಣಿಗೆಯನ್ನು ದೀರ್ಘಕಾಲ ಅಧ್ಯಯನ ಮಾಡುವ ಕಾರ್ಯವನ್ನು ಕೈಗೊಂಡರು. ಆ ಆಯ್ಕೆಯಲ್ಲಿ ಪರೀಕ್ಷೆಗೆ ಒಳಪಟ್ಟು ಅರ್ಹತೆ ಪಡೆಯದೆ ಉಳಿದ ವಿಲಿಯಂ ಶಾಕ್ಲಿ ಮತ್ತು ಲೂಯಿಸ್ ಆಲ್ವರೆಜ್ ಎಂಬ ಇಬ್ಬರು ಬಾಲಕರು ಮುಂದೆ ಕ್ರಮವಾಗಿ 1956 ಮತ್ತು 1968ರಲ್ಲಿ ಭೌತವಿಜ್ಞಾನದ ನೊಬೆಲ್ ಪಾರಿತೋಷಕವನ್ನು ಪಡೆದರು. ಪರೀಕ್ಷೆಗಳು ಉಪಯುಕ್ತವಾದರೂ ಅವುಗಳ ಜಾಲರಿಯ ಕಣ್ಣಿಗೆ ಸಿಗದೆ ಜಾರಿಹೋಗುವ ಮಕ್ಕಳು ಇದ್ದೇ ಇರುತ್ತಾರೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಅಕ್ಷರವನ್ನೇ ಕಾಣಲಾಗದ ಗದಿಗೆಯ್ಯನಂತಹ ಬಾಲಕನು ಅಂತಹ ಪರೀಕ್ಷೆಯ ಕೊಠಡಿಯನ್ನು ಪ್ರವೇಶಿಸುವುದೂ ಸಾಧ್ಯವಿರಲಿಲ್ಲ.

ಇಂದಿನ ಸಂದರ್ಭದಲ್ಲಿ

ಅಂದಿಗೆ ಹೋಲಿಸಿದರೆ ಇಂದು ಅವಕಾಶಗಳು ಬಹಳಷ್ಟು ಹೆಚ್ಚಿವೆ. ಗ್ರಾಮೀಣ ಮಕ್ಕಳಿಗೆ ಶೇಕಡ 75ರಷ್ಟು ಸ್ಥಾನಗಳನ್ನು ಮೀಸಲಿಟ್ಟಿರುವ ಜವಾಹರ ನವೋದಯ ವಿದ್ಯಾಲಯಗಳಿಗೆ ಆರನೆಯ ತರಗತಿಯಲ್ಲಿ ಪ್ರವೇಶ ಪರೀಕ್ಷೆಯಿದೆ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಎಂಟನೆಯ ತರಗತಿಯ ಮಕ್ಕಳಿಗಾಗಿ ರಾಷ್ಟ್ರೀಯ ಆದಾಯ ಮತ್ತು ಅರ್ಹತೆ ಆಧಾರಿತ ವಿದ್ಯಾರ್ಥಿವೇತನ ಪರೀಕ್ಷೆಯಿದ್ದು, ಆಯ್ಕೆಯಾದವರಿಗೆ ಒಂಬತ್ತನೆಯ ತರಗತಿಯಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ನೀಡಲಾಗುತ್ತದೆ. ಹಾಡು, ಭಾಷಣ, ಚಿತ್ರಕಲೆ ಮೊದಲಾದವುಗಳಿಗೆ ಪ್ರತಿಭಾ ಕಾರಂಜಿಯ ವೇದಿಕೆಯಿದೆ. ಅಂಗವಿಕಲರ ಹಕ್ಕುಗಳ ಅಧಿನಿಯಮ, 2016ರ ಅನ್ವಯ ನಿಗದಿತ ಪ್ರಮಾಣದ ವೈಕಲ್ಯವುಳ್ಳ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣವು ಹಕ್ಕಾಗಿದೆ. ವಿಶೇಷ ಪ್ರತಿಭೆಯುಳ್ಳ ಮಕ್ಕಳನ್ನು ಶಿಕ್ಷಕರು ಗುರುತಿಸಿ ಪ್ರೋತ್ಸಾಹಿಸಬೇಕೆಂದು ರಾಷ್ಟ್ರೀಯ ಶಿಕ್ಷಣ ನೀತಿ 2020 ಸಹ ತಿಳಿಸುತ್ತದೆ.

ಆದರೆ ಯೋಜನೆಯು ಇದ್ದಮಾತ್ರಕ್ಕೆ ಮಗುವು ಅದರ ಬಳಿಗೆ ತಲುಪುವುದಿಲ್ಲ. ಐರಣಿಯಂತಹ ನದೀತೀರದ ಗ್ರಾಮದಲ್ಲಿರಲಿ, ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗೆ ಕೂಲಿಗೆ ಬರುವ ಕುಟುಂಬದಲ್ಲಿರಲಿ, ಮಗುವಿನ ವಿಶೇಷ ಶಕ್ತಿಯನ್ನು ಮೊದಲು ಕಾಣುವವರು ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆಯರು ಮತ್ತು ನೆರೆಹೊರೆಯವರು. ಅರ್ಜಿಯನ್ನು ಭರ್ತಿ ಮಾಡಿಸುವುದು, ಪರೀಕ್ಷೆಯ ದಿನ ಮಗುವನ್ನು ಕರೆದೊಯ್ಯುವುದು, ಬಹುಮಾನ ಬಂದ ನಂತರವೂ ತಕ್ಕ ಗುರುವನ್ನು ಹುಡುಕಿಕೊಡುವುದು ಇವು ಸಣ್ಣ ಕಾರ್ಯಗಳಂತೆ ಕಂಡರೂ ಇವುಗಳಿಲ್ಲದೆ ಪ್ರತಿಭೆಯು ಮುಂದೆ ಸಾಗುವುದಿಲ್ಲ. ವೇದಿಕೆಯ ಮೇಲೆ ಒಂದು ದಿನ ಪ್ರಶಸ್ತಿಪತ್ರ ನೀಡಿ ಮರೆತುಬಿಡುವುದು, ಜಾತ್ರೆಯಲ್ಲಿ ಹಾಡು ಕೇಳಿ ಕಾಸು ನೀಡಿ ಮುಂದೆ ನಡೆದುದಕ್ಕಿಂತ ಹೆಚ್ಚು ಭಿನ್ನವಾದುದಲ್ಲ.

ಕುಮಾರಸ್ವಾಮಿಗಳು ಮಾಡಿದ್ದು ಮೂರು ಕಾರ್ಯಗಳನ್ನು. ಮಗುವಿರುವ ಸ್ಥಳಕ್ಕೆ ಹೋಗಿ ಗಮನವಿಟ್ಟು ಆಲಿಸಿದರು. ತಮಗಿಂತ ಬಲ್ಲವರ ಬಳಿಗೆ ಕಳುಹಿಸಿದರು. ಶಿಕ್ಷಣ ಪೂರ್ಣವಾಗುವವರೆಗೆ ಕೈಬಿಡಲಿಲ್ಲ. ಪಂಚಾಕ್ಷರಿ ಗವಾಯಿಗಳು ಅದೇ ಮೂರು ಕಾರ್ಯಗಳನ್ನು ನೂರಾರು ಮಕ್ಕಳಿಗಾಗಿ ಮಾಡಿದರು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಇಂದಿಗೂ ಅಂಧ ಹಾಗೂ ಬಡ ಮಕ್ಕಳು ಉಚಿತ ಊಟ ವಸತಿಯೊಡನೆ ಸಂಗೀತಾಭ್ಯಾಸ ಮಾಡುತ್ತಿದ್ದಾರೆ.